ಮೂವತ್ತಾರು 306 ಆಗುವುದು ಹೇಗೆ?

ಎರಡನೇ ತರಗತಿಯ ಮಕ್ಕಳಿಗೆ ಸಂಖ್ಯೆಗಳನ್ನು ಬಾಯಲ್ಲಿ ಹೇಳಿ ಬರೆಸಿ ನೋಡಿ. ‘ಮೂವತ್ತಾರು’ ಎಂದಾಗ ಒಂದಿಬ್ಬರಾದರೂ 306 ಎಂದು ಬರೆದಿರುತ್ತಾರೆ. ಕೆಂಪು ಪೆನ್ನು ಎತ್ತಿಕೊಳ್ಳುವ ಮೊದಲು ಆ ಉತ್ತರವನ್ನು ತುಸು ಹೊತ್ತು ದಿಟ್ಟಿಸಬೇಕು. ಮಗುವಿನ ಕಿವಿಗೆ ಬಿದ್ದದ್ದು ಮೊದಲು ಮೂವತ್ತು, ಆಮೇಲೆ ಆರು. ಮೂವತ್ತನ್ನು 30 ಎಂದು ಬರೆಯಬೇಕೆಂದು ಅದಕ್ಕೆ ಗೊತ್ತು, ಆರನ್ನು 6 ಎಂದು ಬರೆಯುವುದೂ ಗೊತ್ತು. ಕೇಳಿದ ಕ್ರಮದಲ್ಲೇ ಎರಡನ್ನೂ ಪಕ್ಕಪಕ್ಕ ಇಟ್ಟಿದೆ. ಪದಗಳನ್ನು ಬರೆಯುವಾಗ ನಾವೇ ಹಾಗೆ ಹೇಳಿಕೊಟ್ಟಿದ್ದೆವಲ್ಲವೇ, ಕೇಳಿದ್ದನ್ನು ಕೇಳಿದ ಹಾಗೆಯೇ ಬರೆ ಎಂದು? ಮಗು ನಿಯಮ ಮುರಿದಿಲ್ಲ. ಒಂದು ಕಡೆ ಕಲಿತ ನಿಯಮವನ್ನು ಇನ್ನೊಂದು ಕಡೆಗೆ ಒಯ್ದಿದೆ.

ಪ್ರಾಥಮಿಕ ಶಾಲೆಯ ಪಾಠವೆಂದರೆ ‘ಅ ಆ ಇ ಈ, ಒಂದು ಎರಡು ಮೂರು, ಅಷ್ಟೇ ತಾನೇ’ ಎನ್ನುವವರು ಬಹಳ. ನಮಗೆ ಅದು ಎಷ್ಟು ಚೆನ್ನಾಗಿ ಬಂದುಬಿಟ್ಟಿದೆಯೆಂದರೆ, ಬಾರದೆ ಇದ್ದ ಕಾಲದ ನೆನಪೇ ಅಳಿಸಿಹೋಗಿದೆ. ಓದಲು ಬಲ್ಲವರು ಅಕ್ಷರವನ್ನು ಬರಿಯ ಗೆರೆಯಾಗಿ ನೋಡಲಾರರು. ಕಣ್ಣು ಬಿದ್ದೊಡನೆ ಅದು ಸದ್ದಾಗಿಬಿಡುತ್ತದೆ. ಆರೇಳು ವರ್ಷದ ಮಗುವಿಗೆ ಅದು ಇನ್ನೂ ಬರಿಯ ಗೆರೆಯೇ. ತರಗತಿಯಲ್ಲಿ ದಿನವೂ ಕಾಣುವ ಕಡ್ಡಿ ಕಟ್ಟುವ ಕೆಲಸ, ಚೀಟಿಯಾಟ, ಗಟ್ಟಿಯಾಗಿ ಕಥೆ ಓದುವುದು, ಸ್ಲೇಟು ಎತ್ತಿ ಹಿಡಿಯುವುದು ಇವೆಲ್ಲ ಏತಕ್ಕೆಂದು ಗೊತ್ತಾಗಬೇಕಾದರೆ, ನಾವು ಮರೆತಿರುವ ಕಷ್ಟ ಯಾವುದೆಂದು ಮೊದಲು ತಿಳಿಯಬೇಕು. ಆ ಕಷ್ಟದ ಗುರುತು ಸಿಗುವುದು ಮಕ್ಕಳ ತಪ್ಪುಗಳಲ್ಲಿ.

306ಕ್ಕೇ ಮರಳೋಣ. ನಾವು ಮಾತಿನಲ್ಲಿ ಸಂಖ್ಯೆ ಹೇಳುವಾಗ ಬೆಲೆಯನ್ನು ಬಾಯಿಬಿಟ್ಟು ಹೇಳುತ್ತೇವೆ. ‘ಮೂವತ್ತು’ ಎಂಬ ಪದದೊಳಗೆ ಹತ್ತು ಅಡಗಿ ಕುಳಿತಿದೆ. ಬರೆಯುವಾಗ ಹತ್ತನ್ನು ಬರೆಯುವುದೇ ಇಲ್ಲ. 3 ಎಲ್ಲಿ ನಿಂತಿದೆ ಎಂಬುದರಿಂದಲೇ ಅದು ಮೂರೋ, ಮೂವತ್ತೋ, ಮುನ್ನೂರೋ ಎಂದು ಊಹಿಸಿಕೊಳ್ಳಬೇಕು. ರೋಮನ್ನರ ಪದ್ಧತಿ ಹೀಗಿರಲಿಲ್ಲ. ಮೂವತ್ತಾರನ್ನು ಬರೆಯಲು ಅವರು ಹತ್ತರ ಗುರುತನ್ನು ಮೂರು ಸಲ ಹಾಕಿ, ಪಕ್ಕದಲ್ಲಿ ಐದರ ಗುರುತು, ಒಂದರ ಗುರುತು ಜೋಡಿಸುತ್ತಿದ್ದರು. 306 ಬರೆದ ಮಗು ಅದೇ ದಾರಿಯಲ್ಲಿದೆ. ಸ್ಥಾನದಿಂದ ಬೆಲೆ ಹೇಳುವ, ಖಾಲಿ ಸ್ಥಾನಕ್ಕೆ ಸೊನ್ನೆಯನ್ನು ಕೂರಿಸುವ ಭಾರತೀಯ ಪದ್ಧತಿ ರೂಪುಗೊಳ್ಳಲು ಶತಮಾನಗಳೇ ಬೇಕಾದವು. ಸೊನ್ನೆಯನ್ನೂ ಒಂದು ಸಂಖ್ಯೆಯಾಗಿ ಕಂಡು ಅದರ ಲೆಕ್ಕದ ನಿಯಮಗಳನ್ನು ಬ್ರಹ್ಮಗುಪ್ತ ಬರೆದಿಟ್ಟದ್ದು 628ರಲ್ಲಿ. 1202ರಲ್ಲಿ ಫಿಬೊನಾಚಿ ತನ್ನ ಗ್ರಂಥದಲ್ಲಿ ಈ ಅಂಕಿಗಳನ್ನು ವಿವರಿಸಿದ ಮೇಲೂ ಯುರೋಪಿನಲ್ಲಿ ಅವು ಹಳೆಯ ಪದ್ಧತಿಯನ್ನು ಪೂರ್ತಿ ಪಕ್ಕಕ್ಕೆ ಸರಿಸಲು ಶತಮಾನಗಳು ಹಿಡಿದವು. ಲೆಕ್ಕದಲ್ಲಿ ನುರಿತ ವ್ಯಾಪಾರಿಗಳಿಗೇ ಇಷ್ಟು ಕಾಲ ಬೇಕಾದ ವಿಷಯವನ್ನು ನಾವು ಮಗುವಿಗೆ ಎರಡು ವರ್ಷದಲ್ಲಿ ತಲೆಗೆ ಹತ್ತಿಸಿಕೊಳ್ಳಲು ಹೇಳುತ್ತೇವೆ.

ತಪ್ಪು ಕಿವಿಯಿಂದ ಬಂದದ್ದು ಎಂಬುದಕ್ಕೆ ಇನ್ನೊಂದು ಸಾಕ್ಷಿ ಜರ್ಮನ್ ಭಾಷೆಯಲ್ಲಿದೆ. ಅಲ್ಲಿ ಮೂವತ್ತಾರನ್ನು ‘ಆರು ಮತ್ತು ಮೂವತ್ತು’ ಎಂದು ಹೇಳುತ್ತಾರೆ. ಹಾಗಾಗಿ ಆ ಭಾಷೆಯ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ತಪ್ಪು 63. ಮಕ್ಕಳು ತಪ್ಪುವುದರಲ್ಲೂ ತಮ್ಮ ಭಾಷೆಗೆ ನಿಷ್ಠರು.

ಇದಕ್ಕೆ ತರಗತಿಯಲ್ಲಿರುವ ಮದ್ದು ಹಳೆಯದು: ಕಡ್ಡಿಗಳು ಮತ್ತು ರಬ್ಬರ್ ಬ್ಯಾಂಡು. ಹತ್ತು ಬಿಡಿ ಕಡ್ಡಿಗಳಾದೊಡನೆ ಒಂದು ಕಟ್ಟು. ಮೂವತ್ತಾರೆಂದರೆ ಮೂರು ಕಟ್ಟು, ಆರು ಬಿಡಿ. ಇಲ್ಲಿ ಒಂದು ಸೂಕ್ಷ್ಮವಿದೆ. ಕಟ್ಟುಗಳನ್ನು ಮೊದಲೇ ಸಿದ್ಧಪಡಿಸಿ ತಂದುಕೊಟ್ಟರೆ ಅರ್ಧ ಪಾಠ ಹೋದಂತೆ. ಹತ್ತು ವಸ್ತುಗಳು ಒಂದೇ ಸಮಯದಲ್ಲಿ ಹತ್ತೂ ಹೌದು, ಒಂದೂ ಹೌದು ಎಂಬ ವಿಚಿತ್ರ ಸಂಗತಿ ಮಗುವಿಗೆ ಹೊಳೆಯುವುದು ತಾನೇ ಎಣಿಸಿ ಬಿಗಿದು ಕಟ್ಟುವಾಗ, ಕಳೆಯುವ ಲೆಕ್ಕದಲ್ಲಿ ಬಿಡಿ ಸಾಲದೆ ಕಟ್ಟು ಬಿಚ್ಚುವಾಗ. ಕಾಗದದ ಮೇಲೆ ‘ದಶಕ ತೆಗೆದುಕೊಳ್ಳುವುದು’ ಎಂದು ಕರೆಯುವ ಕ್ರಿಯೆಗೆ ಆ ಬಿಚ್ಚುವಿಕೆಯೇ ಆಧಾರ.

ಕಡ್ಡಿಯ ಜೊತೆಗೆ ಸ್ಥಾನಬೆಲೆಯ ಕಾರ್ಡುಗಳಿವೆ. ಉದ್ದನೆಯ ಕಾರ್ಡಿನಲ್ಲಿ 30, ಗಿಡ್ಡ ಕಾರ್ಡಿನಲ್ಲಿ 6. ಗಿಡ್ಡದನ್ನು ಉದ್ದದ್ದರ ಬಲತುದಿಗೆ ಸರಿಯಾಗಿ ಇಟ್ಟರೆ ಸೊನ್ನೆ ಮುಚ್ಚಿಹೋಗಿ 36 ಕಾಣುತ್ತದೆ. ಸೊನ್ನೆ ಎಲ್ಲಿ ಹೋಯಿತು ಎಂದು ಮಕ್ಕಳು ಆರನ್ನು ಎತ್ತಿ ನೋಡುತ್ತಾರೆ, ಮತ್ತೆ ಮುಚ್ಚುತ್ತಾರೆ, ಮತ್ತೆ ಎತ್ತುತ್ತಾರೆ. ಸೊನ್ನೆ ಅಲ್ಲಿಯೇ ಇದೆ, ಆರು ಅದರ ಮೇಲೆ ಕುಳಿತಿದೆ. ಹತ್ತು ನಿಮಿಷದ ಭಾಷಣ ಮಾಡದ ಕೆಲಸವನ್ನು ಈ ಎತ್ತಿ ನೋಡುವ ಆಟ ಮಾಡುತ್ತದೆ.

ಎಣಿಸುವುದು ಎಂದರೆ

ಇದಕ್ಕೂ ಮುಂಚಿನ ಮೆಟ್ಟಿಲು ಎಣಿಕೆ. ನಾಲ್ಕು ವರ್ಷದ ಮಗು ಇಪ್ಪತ್ತರವರೆಗೆ ಗಳಗಳನೆ ಹೇಳಿದರೆ ಮನೆಯವರಿಗೆ ಹಿಗ್ಗು. ಆದರೆ ಅದು ಸದ್ಯಕ್ಕೆ ಒಂದು ಪದ್ಯ, ಅಷ್ಟೇ. ಮುಂದೆ ಬೀಜಗಳನ್ನು ಹರಡಿ ‘ಐದು ಕೊಡು’ ಎಂದು ಕೇಳಿದರೆ ಅದೇ ಮಗು ಒಂದು ಹಿಡಿ ಬಾಚಿ ಕೊಡಬಹುದು. ರೋಚೆಲ್ ಗೆಲ್ಮನ್ ಮತ್ತು ರ‍್ಯಾಂಡಿ ಗ್ಯಾಲಿಸ್ಟೆಲ್ ಎಂಬ ಮನೋವಿಜ್ಞಾನಿಗಳು 1978ರಲ್ಲಿ ಎಣಿಕೆಯನ್ನು ಬಿಡಿಸಿ ಅದರೊಳಗೆ ಐದು ತತ್ತ್ವಗಳನ್ನು ತೋರಿಸಿದರು. ಒಂದು ವಸ್ತುವಿಗೆ ಒಂದೇ ಹೆಸರು ಹೇಳಬೇಕು, ಯಾವುದನ್ನೂ ಬಿಡಬಾರದು, ಎರಡು ಸಲ ಮುಟ್ಟಬಾರದು. ಹೆಸರುಗಳ ಕ್ರಮ ಬದಲಾಗಬಾರದು. ಕೊನೆಯಲ್ಲಿ ಹೇಳಿದ ಹೆಸರೇ ಇಡೀ ಗುಂಪಿನ ಲೆಕ್ಕ. ಎಣಿಸುವುದು ಕಲ್ಲನ್ನೇ ಆಗಬೇಕಿಲ್ಲ, ಚಪ್ಪಾಳೆಯನ್ನೂ ಎಣಿಸಬಹುದು. ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ಉತ್ತರ ಒಂದೇ.

ಇವುಗಳಲ್ಲಿ ಮೂರನೆಯದೇ ಮಕ್ಕಳಿಗೆ ಗಟ್ಟಿ ಕಾಯಿ. ಏಳು ಬೀಜಗಳನ್ನು ಸರಿಯಾಗಿ ಎಣಿಸಿ ಮುಗಿಸಿದ ಮಗುವನ್ನು ‘ಹಾಗಾದರೆ ಎಷ್ಟಿವೆ?’ ಎಂದು ಕೇಳಿ, ‘ಒಂದು, ಎರಡು...’ ಎಂದು ಮತ್ತೆ ಮೊದಲಿನಿಂದ ಶುರುಮಾಡುತ್ತದೆ. ಅದರ ಪಾಲಿಗೆ ‘ಏಳು’ ಎಂಬುದು ಕೊನೆಯ ಬೀಜದ ಹೆಸರು, ಗುಂಪಿನ ಗಾತ್ರವಲ್ಲ. ತರಗತಿಯಲ್ಲಿ ಹಾಜರಿ ಹಾಕುವಾಗ ‘ಇವತ್ತು ಎಷ್ಟು ಜನ ಬಂದಿದ್ದೀರಿ, ಎಷ್ಟು ಜನ ಬಂದಿಲ್ಲ’ ಎಂದು ಮಕ್ಕಳಿಂದಲೇ ಎಣಿಸಿ ಹೇಳಿಸುವುದು ಕಾಲಹರಣವಲ್ಲ ಎಂದು ನಾನು ಹೇಳುವುದು ಇದಕ್ಕೇ. ಅಲ್ಲಿ ಎಣಿಕೆಯ ಕೊನೆಗೆ ಒಂದು ನಿಜವಾದ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆಯ ಪ್ರಯೋಗ ಶಿಕ್ಷಕರ ತರಬೇತಿಯಲ್ಲಿ ಎಲ್ಲರೂ ಓದುವಂಥದ್ದು. ಎರಡು ಸಾಲುಗಳಲ್ಲಿ ಸಮಸಂಖ್ಯೆಯ ಬಿಲ್ಲೆಗಳನ್ನು ಜೋಡಿಸಿ, ಎರಡರಲ್ಲೂ ಅಷ್ಟೇ ಇವೆಯೇ ಎಂದು ಕೇಳುತ್ತಾರೆ. ಮಗು ಹೌದೆನ್ನುತ್ತದೆ. ಒಂದು ಸಾಲನ್ನು ಅಗಲಿಸಿ ಮತ್ತೆ ಕೇಳಿದರೆ, ಉದ್ದದ ಸಾಲಿನಲ್ಲೇ ಹೆಚ್ಚಿವೆ ಎನ್ನುತ್ತದೆ. ಈ ವಯಸ್ಸಿನಲ್ಲಿ ಸಂಖ್ಯೆ ಸ್ಥಿರವೆಂಬ ಅರಿವು ಇನ್ನೂ ಬಂದಿಲ್ಲ ಎಂಬುದು ಪಿಯಾಜೆಯ ತೀರ್ಮಾನ. ಆದರೆ 1974ರಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದೇ ಪ್ರಯೋಗಕ್ಕೆ ಒಂದು ತುಂಟ ಕರಡಿ ಗೊಂಬೆಯನ್ನು ತಂದರು. ಗೊಂಬೆ ನುಗ್ಗಿ ಬಂದು ಸಾಲನ್ನು ಕೆಡಿಸಿಹೋದಂತೆ ಆಡಿಸಿ ಕೇಳಿದಾಗ, ಬಹಳಷ್ಟು ಹೆಚ್ಚು ಮಕ್ಕಳು ‘ಈಗಲೂ ಅಷ್ಟೇ ಇವೆ’ ಎಂದರು. ದೊಡ್ಡವರು ತಾವೇ ಏನೋ ಬದಲಿಸಿ ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದಾಗ ಮಗು ಬಿಲ್ಲೆಗಳನ್ನಷ್ಟೇ ನೋಡುತ್ತಿರಲಿಲ್ಲ, ಕೇಳಿದವರ ಮನಸ್ಸಿನಲ್ಲೇನಿದೆ ಎಂದೂ ಊಹಿಸುತ್ತಿತ್ತು.

ಈ ಗೊಂಬೆಯ ಪಾಠ ನಿತ್ಯದ ತರಗತಿಗೆ ನೇರವಾಗಿ ಅನ್ವಯಿಸುತ್ತದೆ. ‘ಇನ್ನೊಮ್ಮೆ ಯೋಚಿಸಿ ಹೇಳು’ ಎಂದೊಡನೆ ಮಕ್ಕಳು ಸರಿ ಉತ್ತರವನ್ನೂ ಬದಲಿಸಿಬಿಡುತ್ತಾರೆ. ಏಕೆಂದರೆ ಆ ಮಾತು ಕೇಳಿಸಿಕೊಂಡದ್ದು ಅವರು ತಪ್ಪಿದಾಗ ಮಾತ್ರ. ಉತ್ತರ ಸರಿಯಿದ್ದಾಗಲೂ ‘ಹೇಗೆ ಗೊತ್ತಾಯಿತು?’ ಎಂದು ಕೇಳುವ ರೂಢಿಯಿರುವ ತರಗತಿಯಲ್ಲಿ ಈ ಭಯ ಕಡಿಮೆ.

ಶ, ಕಿ, ತ

ಓದಿನ ವಿಷಯಕ್ಕೆ ಬಂದರೆ ಕಷ್ಟ ಇನ್ನೂ ಹೆಚ್ಚು, ಅದು ಕಣ್ಣಿಗೆ ಬೀಳುವುದು ಇನ್ನೂ ಕಡಿಮೆ. ಮಾತು ಮನುಷ್ಯರಿಗೆ ಕೇಳಿಕೇಳಿಯೇ ಬರುತ್ತದೆ. ಬರವಣಿಗೆ ಕೆಲವು ಸಾವಿರ ವರ್ಷಗಳ ಹಿಂದೆ ಕಟ್ಟಿಕೊಂಡ ಉಪಾಯ, ಯಾರಾದರೂ ಕಲಿಸದೆ ಬರುವುದಿಲ್ಲ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಆದ್ದರಿಂದ ಕಲಿಯುವುದು ಸುಲಭ ಎಂದು ನಾವು ಹೆಮ್ಮೆಪಡುತ್ತೇವೆ. ಹೆಮ್ಮೆ ನಿಜ, ಸುಲಭ ಎಂಬುದು ಪೂರ್ತಿ ನಿಜವಲ್ಲ. ವರ್ಣಮಾಲೆಯ 49 ಅಕ್ಷರಗಳಿಗೇ ಕೆಲಸ ಮುಗಿಯುವುದಿಲ್ಲ. 34 ವ್ಯಂಜನಗಳಿಗೆ ಕಾಗುಣಿತದ ಹದಿನೈದು ರೂಪಗಳಂತೆ ಹಿಡಿದರೆ 510 ಆಕಾರಗಳು, ಅದರ ಮೇಲೆ ಒತ್ತಕ್ಷರಗಳು. ಇಂಗ್ಲಿಷ್ ಕಲಿಯುವ ಮಗುವಿಗೆ 26 ಅಕ್ಷರಗಳ ಪರಿಚಯ ಬೇಗ ಮುಗಿದು, ಆಮೇಲೆ ಕಾಗುಣಿತದ ಗೋಜಲು ವರ್ಷಗಟ್ಟಲೆ ಕಾಡುತ್ತದೆ. ಕನ್ನಡ ಕಲಿಯುವ ಮಗುವಿನ ಕಷ್ಟವೆಲ್ಲ ಆರಂಭದಲ್ಲೇ, ಆಕಾರಗಳ ಸಂತೆಯಲ್ಲಿ.

ಅದರಲ್ಲೂ ಒತ್ತಕ್ಷರ. ‘ಶಕ್ತಿ’ ಎಂಬ ಪದವನ್ನು ಮಗುವಿನ ಕಣ್ಣಿನಿಂದ ನೋಡಿ. ಎಡದಿಂದ ಬಲಕ್ಕೆ ಹೋದರೆ ಮೊದಲು ಶ, ಆಮೇಲೆ ಗುಡಿಸು ಹೊತ್ತ ಕಿ, ಅದರ ಬುಡದಲ್ಲಿ ತ ಒತ್ತು. ಕಂಡದ್ದನ್ನು ಕಂಡಂತೆ ಓದಿದರೆ ‘ಶಕಿತ’. ಗುಡಿಸು ಕುಳಿತಿರುವುದು ಕಕಾರದ ತಲೆಯ ಮೇಲೆ, ಅದರ ಸದ್ದು ಸೇರಬೇಕಾದದ್ದು ಕೆಳಗಿನ ತಕಾರಕ್ಕೆ. ‘ಸೂರ್ಯ’ದಲ್ಲಿ ಇನ್ನೊಂದು ತಿರುವು: ಬಾಯಿ ಮೊದಲು ರ್ ಎನ್ನುತ್ತದೆ, ಆಮೇಲೆ ಯ, ಕೈ ಬರೆಯುವುದು ಮೊದಲು ಯ, ಆಮೇಲೆ ಅರ್ಕಾವತ್ತು. ಹಾಗಾಗಿ ಮಕ್ಕಳು ‘ಸೂಯ್ರ’ ಎಂದು ಓದುವುದುಂಟು. ಸಾಲದ್ದಕ್ಕೆ ತ, ಮ, ಯ, ರ ಮುಂತಾದವುಗಳ ಒತ್ತು ತಮ್ಮ ಮೂಲ ಅಕ್ಷರವನ್ನು ಹೋಲುವುದೇ ಇಲ್ಲ. ‘ಇಷ್ಟು ಸಲ ಹೇಳಿಕೊಟ್ಟರೂ ಒತ್ತಕ್ಷರ ಬರುತ್ತಿಲ್ಲ’ ಎಂದು ಮಕ್ಕಳನ್ನು ಗದರಿಸುವವರು ಒಮ್ಮೆ ಪರಿಚಯವಿಲ್ಲದ ಇನ್ನೊಂದು ಲಿಪಿಯ ಸಂಯುಕ್ತಾಕ್ಷರಗಳನ್ನು ಓದಲು ಕೂರಬೇಕು.

ಕಾಗುಣಿತವನ್ನು ರಾಗವಾಗಿ ಒಪ್ಪಿಸುವುದು ಎಲ್ಲ ಕಡೆ ಇದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ‘ಕ ಕಾ ಕಿ ಕೀ’ ಎಂದು ಹಾಡಿ ಮುಗಿಸುವ ಮಗುವಿಗೆ ನಡುವಿನಿಂದ ‘ಕೌ’ ಒಂದನ್ನೇ ತೋರಿಸಿ ಕೇಳಿದರೆ, ಮತ್ತೆ ಕ-ದಿಂದ ಹಾಡುತ್ತಾ ಬಂದು ಅಲ್ಲಿಗೆ ತಲುಪಬೇಕಾಗುತ್ತದೆ. ಎಣಿಕೆಯ ಪದ್ಯದ ಕಥೆಯೇ ಇಲ್ಲೂ. ಅದಕ್ಕಾಗಿಯೇ ಕ್ರಮ ಕೆಡಿಸುವ ಆಟಗಳು: ಚೀಟಿಗಳನ್ನು ಕಲಸಿ ಎತ್ತುವುದು, ಹಳೆಯ ಪತ್ರಿಕೆಯ ಹಾಳೆಯಲ್ಲಿ ‘ಮಿ’ ಇರುವ ಪದಗಳಿಗೆಲ್ಲ ಸುತ್ತು ಹಾಕುವುದು, ‘ಕರ’ ಎಂಬುದಕ್ಕೆ ಒಂದೇ ಗುರುತು ಸೇರಿಸಿ ‘ಕಾರ’, ‘ಕಿರ’, ‘ಕರಿ’ ಮಾಡಿ ಯಾವುದಕ್ಕೆ ಅರ್ಥವಿದೆ ಎಂದು ಹುಡುಕುವುದು. ಹೊರಗಿನಿಂದ ನೋಡಿದರೆ ಗದ್ದಲ. ಒಳಗೆ ಪ್ರತಿ ಮಗುವೂ ಗುರುತನ್ನೂ ಸದ್ದನ್ನೂ ಕ್ರಮದ ಊರುಗೋಲಿಲ್ಲದೆ ಜೋಡಿಸುತ್ತಿದೆ.

ಇಷ್ಟಾದರೂ ಅದು ಓದಿನ ಅರ್ಧ. ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಒಂದು ಸರಳ ಸೂತ್ರ ಕೊಟ್ಟರು: ಓದಿ ತಿಳಿಯುವುದೆಂದರೆ ಅಕ್ಷರ ಬಿಡಿಸುವ ಸಾಮರ್ಥ್ಯವನ್ನು ಭಾಷೆ ತಿಳಿಯುವ ಸಾಮರ್ಥ್ಯದಿಂದ ಗುಣಿಸಿದ್ದು. ಕೂಡಿಸಿದ್ದಲ್ಲ, ಗುಣಿಸಿದ್ದು. ಎರಡರಲ್ಲಿ ಒಂದು ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ. ತಡವರಿಸದೆ ಓದಿಯೂ ಏನು ಓದಿದೆ ಎಂದು ಹೇಳಲಾಗದ ಮಗು, ಕಥೆಯನ್ನು ಸೊಗಸಾಗಿ ಹೇಳಬಲ್ಲ ಆದರೆ ಒಂದು ಸಾಲು ಓದಲಾರದ ಮಗು ಇಬ್ಬರಿಗೂ ಒಂದೇ ಮದ್ದು ಕೊಟ್ಟರೆ ನಡೆಯುವುದಿಲ್ಲ.

ದಿನಕ್ಕೆ ಹದಿನೈದು ನಿಮಿಷ ಟೀಚರ್ ಗಟ್ಟಿಯಾಗಿ ಕಥೆ ಓದುವುದಕ್ಕೆ ಅರ್ಥ ಬರುವುದು ಈ ಎರಡನೆಯ ಅರ್ಧದಿಂದ. ಪುಸ್ತಕದ ಭಾಷೆ ಮನೆಯ ಮಾತಲ್ಲ. ಕ್ರಿಯಾಪದದ ರೂಪಗಳೇ ಬೇರೆ, ವಾಕ್ಯ ಉದ್ದ, ‘ಆದರೂ’, ‘ಹಾಗಿದ್ದರೂ ಕೂಡ’, ‘ಅಷ್ಟರಲ್ಲಿ’ ಎಂಬಂಥ ಕೊಂಡಿಗಳು ಹೆಚ್ಚು. ಮಕ್ಕಳ ಪುಸ್ತಕಗಳಲ್ಲಿ ಕೂಡ ದೊಡ್ಡವರ ದಿನನಿತ್ಯದ ಮಾತಿಗಿಂತ ಅಪರೂಪದ ಪದಗಳು ಹೆಚ್ಚಿರುತ್ತವೆ. ತಾವೇ ಓದುವ ಶಕ್ತಿ ಬರುವ ಮೊದಲೇ ಆ ಭಾಷೆ ಕಿವಿಗೆ ಬಿದ್ದಿದ್ದರೆ, ಮುಂದೆ ಅದನ್ನು ಅಕ್ಷರದಲ್ಲಿ ಕಂಡಾಗ ಹಳೆಯ ಪರಿಚಯದಂತೆ ಕಾಣುತ್ತದೆ. ಸಮಯ ಸಾಲದಾದಾಗ ವೇಳಾಪಟ್ಟಿಯಿಂದ ಮೊದಲು ಕಿತ್ತುಹಾಕುವುದು ಈ ಕಥೆಯ ಅವಧಿಯನ್ನೇ. ನನಗೆ ಇದರಷ್ಟು ಸಿಟ್ಟು ತರಿಸುವ ಸಂಗತಿ ಕಡಿಮೆ.

ಬರೆಯುವ ಕೈಯ ಬಗ್ಗೆ ಎರಡು ಮಾತು ಸಾಕು. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವೆಲ್ಲ ಮೆದುವಾದ ಮೃದ್ವಸ್ಥಿ. ಒಂದೊಂದಾಗಿ ಗಟ್ಟಿಯಾಗುತ್ತಾ ಕೊನೆಯದು ಮೂಳೆಯಾಗತೊಡಗುವುದು ಒಂಬತ್ತು ವರ್ಷದ ಆಚೀಚೆಯಿಂದ ಹನ್ನೆರಡರೊಳಗೆ. ಮಣ್ಣು ನಾದುವುದು, ಕಾಗದ ಹರಿದು ಅಂಟಿಸುವುದು, ಮಣಿ ಪೋಣಿಸುವುದು ಬೆರಳಿಗೆ ಕಸರತ್ತು. ಇನ್ನು 3ನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವುದಕ್ಕೆ ಗಾಬರಿಯಾಗಬೇಕಿಲ್ಲ. ಅಲ್ಲಿಯವರೆಗೆ ಮಗು ಕಂಡ ಜಗತ್ತಿನಲ್ಲಿ ನಾಯಿ ಎಡಕ್ಕೆ ನೋಡಿದರೂ ನಾಯಿಯೇ, ಬಲಕ್ಕೆ ನೋಡಿದರೂ ನಾಯಿಯೇ. ಅಕ್ಷರ ಮತ್ತು ಅಂಕಿಗಳಿಗೆ ಮಾತ್ರ ಮುಖ ಯಾವ ಕಡೆಗೆ ಎಂಬುದು ಮುಖ್ಯವೆಂದು ಈಗಷ್ಟೇ ಗೊತ್ತಾಗುತ್ತಿದೆ.

ಹೇಳಿದ್ದು ಕೇಳಲಿಲ್ಲವೇ?

‘ಪುಸ್ತಕ ತೆಗೆದು, ಹನ್ನೆರಡನೇ ಪುಟ ತೆರೆದು, ಮೇಲಿನ ಚಿತ್ರ ನೋಡಿ, ಅದರಲ್ಲಿರುವ ಹಕ್ಕಿಗಳನ್ನು ಎಣಿಸಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ.’ ಒಂದೇ ಉಸಿರಿನ ಈ ಸೂಚನೆಯಲ್ಲಿ ಐದು ಕೆಲಸಗಳಿವೆ. ಅರ್ಧ ತರಗತಿ ಪುಸ್ತಕ ತೆಗೆದು ಸುಮ್ಮನೆ ಕುಳಿತಿರುತ್ತದೆ. ಅದು ಉಡಾಫೆಯಲ್ಲ. ಕೇಳಿದ್ದನ್ನು ಕೆಲಸ ಮುಗಿಯುವವರೆಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಜಾಗ ದೊಡ್ಡವರಲ್ಲೇ ಕಿರಿದು. ಜಾರ್ಜ್ ಮಿಲ್ಲರ್ 1956ರ ಪ್ರಸಿದ್ಧ ಲೇಖನದಲ್ಲಿ ಅದನ್ನು ಏಳು, ಎರಡು ಹೆಚ್ಚು ಅಥವಾ ಕಡಿಮೆ ಎಂದಿದ್ದ; ಈಚಿನ ಸಂಶೋಧಕರು ನಾಲ್ಕರ ಆಸುಪಾಸಿಗೆ ಇಳಿಸಿದ್ದಾರೆ. ಆರು ವರ್ಷದ ಮಗುವಿನಲ್ಲಿ ಇನ್ನೂ ಕಡಿಮೆ. ಪುಟ ಹುಡುಕುವ ಶ್ರಮದಲ್ಲೇ ಉಳಿದ ಮೂರು ಸೂಚನೆಗಳು ಜಾರಿಬಿದ್ದಿರುತ್ತವೆ.

ಒಳ್ಳೆಯ ತರಗತಿಗಳಲ್ಲಿ ಬೇಸರ ಬರಿಸುವಷ್ಟು ಒಂದೇ ಥರದ ದಿನಚರಿ ಏಕಿರುತ್ತದೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಚೀಲ ಇಡುವ ಜಾಗ, ನೀರಿನ ಬಾಟಲಿಯ ಜಾಗ, ಬಣ್ಣದ ಡಬ್ಬಿಯ ಜಾಗ, ಬೆಳಗಿನ ಮೊದಲ ಹತ್ತು ನಿಮಿಷ ಏನು ಮಾಡಬೇಕು ಎಂಬುದು ದಿನವೂ ಒಂದೇ. ರೂಢಿಯಾದ ಕೆಲಸಕ್ಕೆ ಯೋಚನೆ ಬೇಡ, ಉಳಿದ ಆ ಚಿಕ್ಕ ಜಾಗ ಪಾಠಕ್ಕೆ ಸಿಗುತ್ತದೆ. ಗೋಡೆಯ ಮೇಲೆ ಹಂತಹಂತವಾಗಿ ಚಿತ್ರ ಅಂಟಿಸಿರುವುದು ಅಲಂಕಾರಕ್ಕಲ್ಲ. ಮಗುವಿನ ನೆನಪಿನ ಭಾರವನ್ನು ಗೋಡೆ ಹೊರಲಿ ಎಂದು.

ಪ್ರಶ್ನೆ ಕೇಳುವ ರೀತಿಯೂ ಒಂದು ಕೌಶಲ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳುತ್ತಾ ಒಂದು ಸಂಗತಿ ಗುರುತಿಸಿದಳು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿಗಿಂತ ಹೆಚ್ಚು ಕಾಯುತ್ತಿರಲಿಲ್ಲ. ಉತ್ತರ ಬಾರದಿದ್ದರೆ ಇನ್ನೊಬ್ಬರನ್ನು ಕೇಳುತ್ತಿದ್ದರು, ಇಲ್ಲವೇ ತಾವೇ ಹೇಳಿಬಿಡುತ್ತಿದ್ದರು. ಮೂರು ಸೆಕೆಂಡಾದರೂ ಸುಮ್ಮನಿರಲು ಅವರನ್ನು ಒಪ್ಪಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಮೌನವಾಗಿರುತ್ತಿದ್ದ ಮಕ್ಕಳು ಬಾಯಿಬಿಟ್ಟರು, ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡತೊಡಗಿದರು. ಮೂರು ಸೆಕೆಂಡು ಕಾಗದದ ಮೇಲೆ ಏನೂ ಅಲ್ಲ. ನಲವತ್ತು ಮಕ್ಕಳ ಮುಂದೆ ನಿಂತವರಿಗೆ ಅದು ಒಂದು ಯುಗ.

ಕೈ ಎತ್ತಿಸುವ ಪದ್ಧತಿಗೆ ಒಂದು ಕೊರತೆಯಿದೆ: ಎತ್ತುವವರು ಯಾವಾಗಲೂ ಅದೇ ಐದಾರು ಮಂದಿ. ಉಳಿದವರಿಗೆ ತಿಳಿಯಿತೇ ಇಲ್ಲವೇ ಎಂಬುದು ಪರೀಕ್ಷೆಯವರೆಗೂ ಗುಟ್ಟು. ಪುಟ್ಟ ಸ್ಲೇಟುಗಳು ಈ ಗುಟ್ಟನ್ನು ರಟ್ಟು ಮಾಡುತ್ತವೆ. ಎಲ್ಲರೂ ಬರೆದು ‘ಈಗ’ ಎಂದೊಡನೆ ಒಟ್ಟಿಗೆ ಎತ್ತಿ ತೋರಿಸಿದರೆ, ಯಾರು 36 ಬರೆದಿದ್ದಾರೆ, ಯಾರು 306, ಯಾರು 63 ಎಂದು ಒಂದೇ ನೋಟಕ್ಕೆ ಕಾಣುತ್ತದೆ. ಒರೆಸಿದರೆ ತಪ್ಪು ಮಾಯ. ನೋಟ್‌ಬುಕ್ಕಿನ ಕೆಂಪು ಗೆರೆಯಂತೆ ವರ್ಷವಿಡೀ ಉಳಿಯುವುದಿಲ್ಲ. ಅಂಜುವ ಮಕ್ಕಳೂ ಸ್ಲೇಟಿನಲ್ಲಿ ಧೈರ್ಯ ಮಾಡುತ್ತಾರೆ.

ಸಮಚಿಹ್ನೆಯ ಅಪಾರ್ಥ

ಲೆಕ್ಕದ ಇನ್ನೆರಡು ತಪ್ಪುಗಳನ್ನು ಹೇಳದಿದ್ದರೆ ಮಾತು ಅಪೂರ್ಣವಾಗುತ್ತದೆ. 42ರಲ್ಲಿ 17 ಕಳೆ ಎಂದರೆ 35 ಎಂದು ಬರೆಯುವ ಮಕ್ಕಳು ಎಲ್ಲ ದೇಶಗಳಲ್ಲೂ ಇದ್ದಾರೆ. ಎರಡರಲ್ಲಿ ಏಳು ಹೋಗುವುದಿಲ್ಲ, ಆದ್ದರಿಂದ ಏಳರಲ್ಲಿ ಎರಡನ್ನು ಕಳೆದಿದ್ದಾರೆ. ‘ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು’ ಎಂದು ಹಿಂದಿನ ವರ್ಷ ಹೇಳಿಕೊಟ್ಟದ್ದು ಯಾರು? ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಇಂಥ ತಪ್ಪುಗಳನ್ನು ಪಟ್ಟಿಮಾಡಿ, ಅನೇಕ ಮಕ್ಕಳು ಮನಬಂದಂತೆ ತಪ್ಪುವುದಿಲ್ಲ, ಒಂದು ತಪ್ಪು ನಿಯಮವನ್ನು ಶ್ರದ್ಧೆಯಿಂದ ಪಾಲಿಸುತ್ತಾರೆ ಎಂದು ತೋರಿಸಿದರು. ಹತ್ತು ಲೆಕ್ಕಗಳಲ್ಲಿ ಆರು ತಪ್ಪಾದ ಮಗುವಿಗೆ ಇನ್ನೂ ಇಪ್ಪತ್ತು ಲೆಕ್ಕ ಕೊಟ್ಟರೆ ಆ ತಪ್ಪು ನಿಯಮವೇ ಇನ್ನಷ್ಟು ಗಟ್ಟಿಯಾಗುತ್ತದೆ.

ಎರಡನೆಯದು = ಎಂಬ ಚಿಹ್ನೆ. 8 + 4 = __ + 5 ಎಂದು ಬರೆದು ಖಾಲಿ ಜಾಗ ತುಂಬಲು ಹೇಳಿ. ಸರಿಯುತ್ತರ 7. ಆದರೆ ಹೆಚ್ಚಿನ ಮಕ್ಕಳು 12 ಎನ್ನುತ್ತಾರೆ, ಕೆಲವರು ಕಂಡದ್ದನ್ನೆಲ್ಲ ಕೂಡಿಸಿ 17 ಎನ್ನುತ್ತಾರೆ. ವರ್ಷಗಟ್ಟಲೆ ಅವರು ಕಂಡ ಲೆಕ್ಕಗಳಲ್ಲೆಲ್ಲ ಆ ಚಿಹ್ನೆಯ ಬಲಗಡೆ ಬರುತ್ತಿದ್ದದ್ದು ಉತ್ತರ ಮಾತ್ರ. ಹಾಗಾಗಿ = ಎಂದರೆ ‘ಉತ್ತರ ಬರೆ’ ಎಂಬ ಅಪ್ಪಣೆಯೆಂದು ತಿಳಿದಿದ್ದಾರೆ. 1557ರಲ್ಲಿ ವೇಲ್ಸಿನ ರಾಬರ್ಟ್ ರೆಕಾರ್ಡ್ ಈ ಚಿಹ್ನೆಯನ್ನು ಬಳಕೆಗೆ ತಂದಾಗ, ಸಮಾನಾಂತರವಾದ ಎರಡು ಗೆರೆಗಳಿಗಿಂತ ಸಮವಾದ ವಸ್ತುಗಳಿಲ್ಲ ಎಂಬ ಕಾರಣ ಕೊಟ್ಟಿದ್ದ. ತಕ್ಕಡಿಯ ಎರಡು ತಟ್ಟೆಗಳಲ್ಲಿ ಕಲ್ಲುಗಳನ್ನಿಟ್ಟು ತೂಗುವ ಚಟುವಟಿಕೆ, 12 = 8 + 4 ಎಂದು ಆಗಾಗ ತಿರುಗಿಸಿ ಬರೆಯುವ ಚಿಕ್ಕ ಅಭ್ಯಾಸ ಅದನ್ನೇ ನೆನಪಿಸುತ್ತವೆ. ಪ್ರೌಢಶಾಲೆಯಲ್ಲಿ ಬೀಜಗಣಿತ ಕಬ್ಬಿಣದ ಕಡಲೆಯಾಗಲು ಈ ಹಳೆಯ ಅಪಾರ್ಥವೂ ಒಂದು ಕಾರಣ.

ಮಗ್ಗಿ ಬಾಯಿಪಾಠ ಬೇಕೇ ಬೇಡವೇ ಎಂಬ ಜಗಳ ನಿಲ್ಲುವಂಥದ್ದಲ್ಲ. ನನ್ನ ಅಭಿಪ್ರಾಯ: ಬೇಕು, ಆದರೆ ನೂರನ್ನೂ ಒಟ್ಟಿಗೆ ಹೇರಬೇಕಿಲ್ಲ. ಹತ್ತರವರೆಗಿನ ಮಗ್ಗಿಯಲ್ಲಿ ನೂರು ಗುಣಾಕಾರಗಳಿವೆ. ಮೂರೇಳು, ಏಳ್ಮೂರು ಒಂದೇ ಎಂದು ಚೌಕಳಿ ಕಾಗದದ ಆಯತವನ್ನು ತಿರುಗಿಸಿ ತೋರಿಸಿದರೆ ಉಳಿಯುವುದು 55. ಒಂದು ಮತ್ತು ಹತ್ತರ ಮಗ್ಗಿ ತೆಗೆದರೆ 36. ಎರಡು ಮತ್ತು ಐದರದ್ದು ಮಕ್ಕಳಿಗೆ ಬೇಗ ಬರುತ್ತದೆ, ಅವನ್ನೂ ಬಿಟ್ಟರೆ 21. ‘ಇನ್ನು ಇಪ್ಪತ್ತೊಂದೇ’ ಎಂದಾಗ ಮಕ್ಕಳ ಮುಖದಲ್ಲಿ ಕಾಣುವ ಬಿಡುಗಡೆಗೆ ಬೆಲೆ ಕಟ್ಟಲಾಗದು. ಆ ಇಪ್ಪತ್ತೊಂದನ್ನು ಒಂದೇ ದಿನ ಒಂದು ಗಂಟೆ ಉರುಹಚ್ಚುವುದಕ್ಕಿಂತ ದಿನಕ್ಕೆ ಐದು ನಿಮಿಷದಂತೆ ಹರಡಿದರೆ ಹೆಚ್ಚು ಉಳಿಯುತ್ತದೆ. 1885ರಲ್ಲಿ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಪದತುಂಡುಗಳನ್ನು ತಾನೇ ಕಲಿತು ತಾನೇ ಮರೆತು ಕಂಡುಕೊಂಡ ಈ ಸತ್ಯ ಮತ್ತೆ ಮತ್ತೆ ದೃಢಪಟ್ಟಿದೆ. ಬೆಳಗ್ಗೆ ಹೊಸ ಪಾಠಕ್ಕೆ ಮುನ್ನ ಪುಸ್ತಕ ಮುಚ್ಚಿಸಿ ‘ನಿನ್ನೆ ಏನು ಕಲಿತೆವು’ ಎಂದು ಕೇಳುವುದರ ಫಲವೂ ಇದೇ ಬಗೆಯದು. ನೆನಪಿನಿಂದ ಎಳೆದು ತೆಗೆಯುವ ಪ್ರಯತ್ನವೇ ನೆನಪನ್ನು ಗಟ್ಟಿಮಾಡುತ್ತದೆ.

ವಿಜ್ಞಾನದ ಪಾಠದಲ್ಲಿ ಮಕ್ಕಳ ಊಹೆಗಳು ಇನ್ನೂ ಸೊಗಸು. ಭೂಮಿ ದುಂಡಗಿದೆ ಎಂದು ಒಪ್ಪಿಸುವ ಮಕ್ಕಳನ್ನು ಸ್ಟೆಲ್ಲಾ ವೊಸ್ನಿಯಾಡು ಮತ್ತು ವಿಲಿಯಂ ಬ್ರೂವರ್ ಕೆದಕಿ ಕೇಳಿ, ಫಲಿತಾಂಶವನ್ನು 1992ರಲ್ಲಿ ಪ್ರಕಟಿಸಿದರು. ಕೆಲವು ಮಕ್ಕಳ ಪ್ರಕಾರ ಭೂಮಿ ಟೊಳ್ಳು ಚೆಂಡು, ನಾವು ಅದರೊಳಗಿನ ಸಮತಟ್ಟು ನೆಲದ ಮೇಲೆ ಇದ್ದೇವೆ, ಆಕಾಶ ಮೇಲಿನ ಅರ್ಧ. ಟೀಚರ್ ಹೇಳಿದ ದುಂಡನೆಯ ಭೂಮಿಯನ್ನೂ, ತಮ್ಮ ಕಾಲ ಕೆಳಗಿನ ಚಪ್ಪಟೆ ನೆಲವನ್ನೂ, ಕೆಳಗಿರುವವರು ಬಿದ್ದುಹೋಗುವ ಭಯವನ್ನೂ ಒಂದೇ ಏಟಿಗೆ ಬಗೆಹರಿಸಿದ ಜಾಣ ಉತ್ತರವದು. ‘ಭೂಮಿಯ ಆಕಾರ ಯಾವುದು?’ ಎಂಬ ಪ್ರಶ್ನೆಗೆ ‘ದುಂಡು’ ಎಂದು ಬರೆದು ಪೂರ್ಣಾಂಕ ಪಡೆದ ಮಕ್ಕಳಲ್ಲಿ ಎಷ್ಟು ಮಂದಿ ಹೀಗೆ ಚೆಂಡಿನೊಳಗೆ ವಾಸಿಸುತ್ತಿದ್ದಾರೋ! ಬರೆಸುವುದರ ಜೊತೆಗೆ ಚಿತ್ರ ಬಿಡಿಸಲು ಹೇಳುವುದು, ‘ಈ ಚಿತ್ರದಲ್ಲಿ ನೀನೆಲ್ಲಿ ನಿಂತಿದ್ದೀಯ, ತೋರಿಸು’ ಎನ್ನುವುದು ಇದಕ್ಕಾಗಿ.

ಸಂಜೆ ಮನೆಗೆ ಬಂದ ಮಗುವನ್ನು ‘ಇವತ್ತು ಶಾಲೆಯಲ್ಲಿ ಏನು ಮಾಡಿದಿರಿ?’ ಎಂದು ಕೇಳಿದರೆ ‘ಏನೂ ಇಲ್ಲ’ ಎಂಬ ಉತ್ತರ ಬರುತ್ತದೆ. ಸುಳ್ಳೇನಲ್ಲ, ಪ್ರಶ್ನೆಯೇ ಅಳತೆ ಮೀರಿದ್ದು. ಐದಾರು ಗಂಟೆಗಳ ನೂರಾರು ಸಂಗತಿಗಳಲ್ಲಿ ಯಾವುದನ್ನು ಆರಿಸಿ, ಎಲ್ಲಿಂದ ಶುರುಮಾಡಿ ಹೇಳಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ದೊಡ್ಡವರಿಗೂ ಕಚೇರಿಯಿಂದ ಬಂದೊಡನೆ ಅದೇ ಪ್ರಶ್ನೆ ಎದುರಾದರೆ ಅದೇ ಉತ್ತರ ತಾನೇ? ಹಿಡಿಕೆಯಿರುವ ಪ್ರಶ್ನೆ ಕೇಳಬೇಕು. ಕಡ್ಡಿ ಕಟ್ಟುವಾಗ ಯಾರ ಕಟ್ಟು ಬಿಚ್ಚಿಹೋಯಿತು? ಕಥೆಯಲ್ಲಿ ನರಿ ಕೊನೆಗೆ ಎಲ್ಲಿ ಹೋಯಿತು? ಸ್ಲೇಟು ಎತ್ತಿದಾಗ ಯಾರದ್ದು ಬೇರೆ ಥರ ಇತ್ತು, ಅವರು ಹಾಗೇಕೆ ಬರೆದರು? ಕೊನೆಯ ಪ್ರಶ್ನೆಗೆ ಮಗು ಕೊಡುವ ವಿವರಣೆ ದೀರ್ಘವಾಗಿರುತ್ತದೆ. ಬೇರೆ ಥರ ಬರೆದದ್ದು ತಾನೇ ಎಂದು ನಡುವೆ ಎಲ್ಲೋ ಬಾಯಿತಪ್ಪಿ ಹೇಳಿಯೂ ಬಿಡುತ್ತದೆ.